ಇಂಜೆಕ್ಷನ್‌ಗೆ ಮುಂಚಿನ ಸ್ಕ್ಯಾನ್: ಕಲಬುರಗಿಯ ಒಂದು ಕಿಡ್ನಿ ಗಡ್ಡೆಯ ಪ್ರಕರಣ

ಈ ಪ್ರಕರಣ ಕಲಬುರಗಿ ಜಿಲ್ಲೆಯ ಒಬ್ಬ ರೈತರದು. ಗುರುತು ಸಿಗಬಾರದೆಂದು ವಯಸ್ಸು, ಊರು, ಮನೆಯ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಸ್ಕ್ಯಾನ್ ಸೆಂಟರ್, ಆಸ್ಪತ್ರೆ ಯಾವುದರ ಹೆಸರೂ ಇಲ್ಲಿ ಬರುವುದಿಲ್ಲ. ಓದುವವರಲ್ಲಿ ಹೊಸದಾಗಿ ರೇಡಿಯಾಲಜಿಗೆ ಬಂದವರು, ತಾಲೂಕು ಮಟ್ಟದ ಡಾಕ್ಟರುಗಳು, ಸಿ.ಟಿ. ಟೆಕ್ನಿಷಿಯನ್‌ಗಳು ಇರಬಹುದು. ಮನೆಯಲ್ಲಿ ಯಾರಿಗೋ ಇಂಥದೇ ರಿಪೋರ್ಟ್ ಬಂದು ಗಾಬರಿಯಾದವರೂ ಇರಬಹುದು. ಆದಷ್ಟು ಸರಳವಾಗಿ ಬರೆಯುತ್ತೇನೆ. ಅಂಕೆಗಳು ಮಾತ್ರ ಸ್ವಲ್ಪ ಜಾಸ್ತಿ ಬರುತ್ತವೆ. ಈ ಪ್ರಕರಣ ನಿಂತಿರುವುದೇ ಅಂಕೆಗಳ ಮೇಲೆ.

ಹಿನ್ನೆಲೆ

ರೋಗಿಗೆ 58 ವರ್ಷ. ಆಳಂದ ಕಡೆಯವರು. ಎರೆ ಹೊಲ, ತೊಗರಿ ಬೆಳೆ. ಊರಲ್ಲಿ ಚಿಕ್ಕವರೆಲ್ಲ ಅವರನ್ನು ಕಾಕಾ ಅಂತಲೇ ಕರೆಯುತ್ತಾರೆ, ನಾವೂ ಹಾಗೇ ಕರೆಯೋಣ. ಶುಗರ್, ಬಿ.ಪಿ. ಎರಡೂ ಇದ್ದವು. ಗುಳಿಗೆ ತಪ್ಪಿಸುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಬಲ ಕಿಡ್ನಿಯಲ್ಲಿ ಕಲ್ಲಾಗಿ ಸೋಲಾಪುರದಲ್ಲಿ ತೆಗೆಸಿಕೊಂಡಿದ್ದರು. ನಮ್ಮ ಭಾಗದಲ್ಲಿ ಇದೇನು ಹೊಸದಲ್ಲ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಬಿಸಿಲು, ಅದರಲ್ಲಿ ಹೊಲದ ಕೆಲಸ. ಬೆವರು ಹರಿಯುವಷ್ಟು ನೀರು ಒಳಗೆ ಹೋಗುವುದಿಲ್ಲ.

ಡಿಸೆಂಬರ್‌ನಲ್ಲಿ ತೊಗರಿ ಕೊಯ್ಲಿಗೆ ಬಂದಿತ್ತು. ಆಗ ಎಡ ಸೊಂಟದ ಮೇಲೆ ನೋವು ಶುರುವಾಯಿತು. ಮೂತ್ರದಲ್ಲಿ ರಕ್ತ ಇಲ್ಲ, ಜ್ವರ ಇಲ್ಲ, ತೂಕವೂ ಇಳಿದಿರಲಿಲ್ಲ. ಮತ್ತೆ ಕಲ್ಲು ಎಂದೇ ಎಲ್ಲರೂ ಅಂದುಕೊಂಡರು. ತಾಲೂಕಿನಲ್ಲಿ ಸೋನೋಗ್ರಫಿ ಆಯಿತು. ಕಲ್ಲು ಸಿಗಲಿಲ್ಲ. ಎಡ ಕಿಡ್ನಿಯ ಕೆಳ ತುದಿಯಲ್ಲಿ 3.3 ಸೆಂಟಿಮೀಟರ್‌ನ ಒಂದು ಗುಂಡನೆಯ ಉಬ್ಬು ಸಿಕ್ಕಿತು. ರಿಪೋರ್ಟ್‌ನಲ್ಲಿ ಕಾಂಪ್ಲೆಕ್ಸ್ ಸಿಸ್ಟ್ (ಸಾದಾ ಅಲ್ಲದ ನೀರುಗುಳ್ಳೆ), ಬಾಸ್ನಿಯಾಕ್ 3 ಎಂದು ಬರೆದಿತ್ತು.

ನೋವು ಆಮೇಲೆ ಎರಡು ವಾರದಲ್ಲಿ ತಾನಾಗಿಯೇ ಹೋಯಿತು. ಸ್ನಾಯು ಹಿಡಿದಿದ್ದಿರಬೇಕು. ಕಿಡ್ನಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಈಗ ಪತ್ತೆಯಾಗುವ ಕಿಡ್ನಿ ಗಡ್ಡೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೇ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಕಣ್ಣಿಗೆ ಬೀಳುವಂಥವು. ನೋವು, ಮೂತ್ರದಲ್ಲಿ ರಕ್ತ, ಕೈಗೆ ಸಿಗುವ ಗಡ್ಡೆ ಮೂರೂ ಒಟ್ಟಿಗೆ ಇರುವ ರೋಗಿ ಈಗ ಅಪರೂಪ.

ಸೋನೋಗ್ರಫಿ ನೋಡಿದ ಡಾಕ್ಟರ್ ಕಲಬುರಗಿಗೆ ಹೋಗಿ ಸಿ.ಟಿ. ಮಾಡಿಸಿ ಎಂದರು. ಚೀಟಿಯಲ್ಲಿ ಬರೆದಿದ್ದು ಇಷ್ಟೇ: ಹೊಟ್ಟೆಯ ಸಿ.ಟಿ., ಕಾಂಟ್ರಾಸ್ಟ್ ಸಹಿತ (ಕಾಂಟ್ರಾಸ್ಟ್ ಅಂದರೆ ರಕ್ತ ಹರಿಯುವ ಕಡೆ ಬೆಳ್ಳಗೆ ಕಾಣಲಿ ಎಂದು ಇಂಜೆಕ್ಷನ್ ಮೂಲಕ ಕೊಡುವ, ಅಯೋಡಿನ್ ಇರುವ ಔಷಧ). ಕಿಡ್ನಿಯಲ್ಲಿ ಗಡ್ಡೆ ಇದೆ ಎಂದು ಚೀಟಿಯಲ್ಲಿ ಇರಲಿಲ್ಲ. ನಗರದ ಒಂದು ಸೆಂಟರ್‌ನಲ್ಲಿ ಇಂಜೆಕ್ಷನ್ ಹಾಕಿ, ಸುಮಾರು 70 ಸೆಕೆಂಡ್ ಬಿಟ್ಟು, ಒಂದೇ ಸಲ ಸ್ಕ್ಯಾನ್ ಮಾಡಿದರು. ಹೊಟ್ಟೆನೋವಿನ ರೋಗಿಗೆ ಸಾಮಾನ್ಯವಾಗಿ ಮಾಡುವುದೇ ಅದು, ಅದರಲ್ಲಿ ತಪ್ಪಿಲ್ಲ. ಆದರೆ ರಿಪೋರ್ಟ್ ಹೀಗೆ ಬಂತು: ಎಡ ಕಿಡ್ನಿಯಲ್ಲಿ ಕಾಂಟ್ರಾಸ್ಟ್ ಹೀರುವ ಗಟ್ಟಿ ಗಡ್ಡೆ, ರೀನಲ್ ಸೆಲ್ ಕಾರ್ಸಿನೋಮಾ, ಅಂದರೆ ಕಿಡ್ನಿ ಕ್ಯಾನ್ಸರ್. ಅದನ್ನು ನೋಡಿದ ಒಬ್ಬರು, ಎಡ ಕಿಡ್ನಿ ಪೂರ್ತಿ ತೆಗೀಬೇಕು, ತಡ ಮಾಡಬೇಡಿ ಎಂದರು. ಮನೆಯಲ್ಲಿ ಹೊಲ ಅಡವಿಡುವ ಮಾತು ಶುರುವಾಯಿತು.

ಕಾಕಾನ ಮಗ ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲಾ ಕಾಗದ ತುಂಬಿಕೊಂಡು ನಮ್ಮಲ್ಲಿಗೆ ಬಂದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಸಾಹೇಬ್ರ, ಒಂದ್ ಕಾಗದದಾಗ ನೀರಿನ ಗುಳ್ಳಿ ಅಂತ ಬರ್ದಾರ, ಇನ್ನೊಂದರಾಗ ಕ್ಯಾನ್ಸರ್ ಅಂತ ಬರ್ದಾರ. ನಾವು ಯಾವ್ದು ಖರೇ ಅಂತ ತಿಳೀಬೇಕ್ರಿ?"

ಸಮಸ್ಯೆ ಎಲ್ಲಿತ್ತು

ಮೊದಲು ಬಾಸ್ನಿಯಾಕ್ ವಿಷಯ ಮುಗಿಸಿಬಿಡೋಣ. ಮಾರ್ಟನ್ ಬಾಸ್ನಿಯಾಕ್ 1986ರಲ್ಲಿ ಮಾಡಿದ ಈ ವರ್ಗೀಕರಣ ಕಿಡ್ನಿಯ ನೀರುಗುಳ್ಳೆಗಳಿಗೆ ಸಂಬಂಧಿಸಿದ್ದು. 2019ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಅದು ಸಿ.ಟಿ. ಅಥವಾ ಎಂ.ಆರ್.ಐ. ನೋಡಿ ಹೇಳುವ ಮಾತು. ಮಾಮೂಲಿ ಸೋನೋಗ್ರಫಿಯಲ್ಲಿ ಗೋಡೆ ದಪ್ಪ ಕಂಡಿತು ಎಂದು 3 ಅಂತ ಬರೆದುಬಿಟ್ಟರೆ ರೋಗಿಯ ಮನೆಯವರು ಇಂಟರ್ನೆಟ್‌ನಲ್ಲಿ ಹುಡುಕಿ, ಅರ್ಧಕ್ಕರ್ಧ ಕ್ಯಾನ್ಸರ್ ಅಂತೆ ಎಂದು ನಿದ್ದೆ ಬಿಡುತ್ತಾರೆ. ಇಲ್ಲೂ ಹಾಗೇ ಆಗಿತ್ತು.

ದೊಡ್ಡ ತೊಡಕು ಇದ್ದಿದ್ದು ಎರಡನೇ ರಿಪೋರ್ಟ್‌ನಲ್ಲಿ. ಗಡ್ಡೆ ಕಾಂಟ್ರಾಸ್ಟ್ ಹೀರಿದೆ ಎನ್ನಬೇಕಾದರೆ, ಹೀರುವ ಮುಂಚೆ ಅದು ಎಷ್ಟಿತ್ತು ಅಂತ ಗೊತ್ತಿರಬೇಕಲ್ವಾ? ಆ ಚಿತ್ರವನ್ನು ತೆಗೆದೇ ಇರಲಿಲ್ಲ.

ಸಿ.ಟಿ. ಚಿತ್ರದ ಪ್ರತಿ ಚುಕ್ಕೆಗೂ ಒಂದು ಅಂಕೆ ಇರುತ್ತದೆ. ಸಿ.ಟಿ. ಯಂತ್ರ ಕಂಡುಹಿಡಿದು 1979ರಲ್ಲಿ ಅಲನ್ ಕಾರ್ಮಕ್ ಜೊತೆ ನೊಬೆಲ್ ಹಂಚಿಕೊಂಡ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಹೆಸರಲ್ಲೇ ಆ ಅಳತೆ ಇದೆ. ನೀರು 0, ಗಾಳಿ ಮೈನಸ್ 1000, ಕೊಬ್ಬು ಸುಮಾರು ಮೈನಸ್ 100. ಕಾಕಾನ ಗಡ್ಡೆ ಇಂಜೆಕ್ಷನ್ ಆದ ಮೇಲೆ 51 ಇತ್ತು. ಇಂಜೆಕ್ಷನ್‌ಗೆ ಮುಂಚೆಯೂ 51 ಇದ್ದಿದ್ದರೆ ಅದರೊಳಗೆ ರಕ್ತ ಹರಿಯುತ್ತಿಲ್ಲ, ಹಳೇ ರಕ್ತವೋ ದಪ್ಪ ದ್ರವವೋ ತುಂಬಿದ ಗುಳ್ಳೆ ಇರಬಹುದು, ಬಿಟ್ಟರೂ ನಡೆಯುತ್ತದೆ. ಮುಂಚೆ 30 ಇದ್ದಿದ್ದರೆ ಅದು ಜೀವಂತ ಗಡ್ಡೆ, ರಕ್ತನಾಳ ಇರುವಂಥದ್ದು. ಎರಡೂ ಸಂದರ್ಭದಲ್ಲಿ ಆ ಒಂದೇ ಒಂದು ಚಿತ್ರ ಒಂದೇ ಥರ ಕಾಣುತ್ತದೆ. ಕಣ್ಣಿಂದ ಹೇಳೋಣ ಎಂದರೆ ಅದೂ ಆಗುವುದಿಲ್ಲ. ಸುತ್ತಲಿನ ಕಿಡ್ನಿ 170ಕ್ಕೆ ಏರಿ ಬಿಳಿಯಾಗಿ ಹೊಳೆಯುತ್ತಿರುವಾಗ 51 ಇರುವ ಯಾವುದೇ ವಸ್ತು ಕಪ್ಪಾಗಿ, ನೀರಿನ ಹಾಗೇ ಕಾಣುತ್ತದೆ.

ಏನೇನು ಮಾಡಿ ನೋಡಿದೆವು

ಪೂರ್ತಿ ಸ್ಕ್ಯಾನ್ ಮತ್ತೆ ಮಾಡೋಣ ಎಂಬುದು ಮೊದಲು ಬಂದ ಯೋಚನೆ. ಆದರೆ ಕಾಕಾನ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದಲ್ಲಿನ ಕಸ, 1.7 ಇತ್ತು. ವಯಸ್ಸಿನ ಲೆಕ್ಕ ಹಾಕಿದರೆ ಕಿಡ್ನಿ ಸೋಸುವ ಶಕ್ತಿ, ಅಂದರೆ ಇ.ಜಿ.ಎಫ್.ಆರ್., ಸುಮಾರು 46. ಕಾಂಟ್ರಾಸ್ಟ್ ಬಗ್ಗೆ ನಿಜಕ್ಕೂ ಹೆದರಬೇಕಾದ್ದು 30ಕ್ಕಿಂತ ಕೆಳಗೆ ಇಳಿದಾಗ. ಆದರೂ ಕೆಲವೇ ದಿನದ ಹಿಂದೆ ಒಂದು ಡೋಸ್ ಹೋಗಿತ್ತು. ಸುಮ್ನೆ ಇನ್ನೊಂದು ಯಾಕೆ?

ಹಾಗಾಗಿ ಮೊದಲು ಸಣ್ಣ ದಾರಿ ಹಿಡಿದೆವು. ಇಂಜೆಕ್ಷನ್ ಇಲ್ಲದ ಪ್ಲೇನ್ ಸ್ಕ್ಯಾನ್, ಬರೀ ಕಿಡ್ನಿಯ ಮಟ್ಟಕ್ಕೆ. ಹಳೇ ಸೆಂಟರ್‌ನಿಂದ ಸಿ.ಡಿ. ತರಿಸಿಕೊಂಡು ಹೋಲಿಸುವುದು ನಮ್ಮ ಲೆಕ್ಕ. ಪ್ಲೇನ್‌ನಲ್ಲಿ ಗಡ್ಡೆ ಪೂರ್ತಿ ಒಂದೇ ಸಮನಾಗಿದ್ದು 20ರ ಒಳಗಿದ್ದರೆ ಅದು ನೀರಿನ ಗುಳ್ಳೆ. 70 ದಾಟಿದ್ದರೆ ರಕ್ತ ತುಂಬಿದ ಗುಳ್ಳೆ. ಎರಡಕ್ಕೂ ಇಂಜೆಕ್ಷನ್ ಬೇಡ, ಕತ್ತರಿಯೂ ಬೇಡ. ಸ್ಪಷ್ಟವಾಗಿ ಮೈನಸ್‌ನಲ್ಲಿ ಬಂದರೆ ಕೊಬ್ಬು ಇದೆ, ಹೆಚ್ಚಾಗಿ ಆಂಜಿಯೋಮಯೋಲಿಪೋಮಾ, ಕ್ಯಾನ್ಸರ್ ಅಲ್ಲದ ಗಡ್ಡೆ. ಅಲ್ಲಿಗೇ ಮುಗಿಯಬಹುದಿತ್ತು.

ಬಂದಿದ್ದು 37. ಸರಿಯಾಗಿ ಮಧ್ಯದಲ್ಲಿ, ಏನೂ ಹೇಳದ ಜಾಗದಲ್ಲಿ.

ಹಳೇ ಸಿ.ಡಿ.ಯ 51ರಲ್ಲಿ 37 ಕಳೆದರೆ 14. ಇದೂ ಪೀಕಲಾಟದ ಅಂಕೆಯೇ. ಏರಿಕೆ 10ಕ್ಕಿಂತ ಕಮ್ಮಿ ಇದ್ದರೆ ಹೀರಿಲ್ಲ ಎನ್ನಬಹುದು, 20 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೀರಿದೆ ಎನ್ನಬಹುದು. 10ರಿಂದ 20ರ ನಡುವೆ ಇದ್ದರೆ ಎರಡೂ ಹೇಳುವಂತಿಲ್ಲ. ಅದರ ಮೇಲೆ ಯಂತ್ರಗಳು ಬೇರೆ. ಅಲ್ಲಿ 100 ಕೆ.ವಿ. (ಎಕ್ಸ್-ರೇ ಕೊಳವೆಗೆ ಕೊಡುವ ವೋಲ್ಟೇಜ್) ಇಟ್ಟು ತೆಗೆದಿದ್ದರು, ನಾವು 120 ಇಟ್ಟಿದ್ದೆವು. ಕೆ.ವಿ. ಬದಲಾದರೆ ಅಯೋಡಿನ್‌ನ ಅಂಕೆಯೂ ಬದಲಾಗುತ್ತದೆ. ಈ ಯಂತ್ರದ ಅಂಕೆಯಿಂದ ಆ ಯಂತ್ರದ ಅಂಕೆ ಕಳೆದು 14 ಬಂತು ಅಂತ ಒಬ್ಬರ ಕಿಡ್ನಿಯ ಭವಿಷ್ಯ ತೀರ್ಮಾನಿಸಲು ಆಗುವುದಿಲ್ಲ. ಪ್ಲೇನ್ ಮಾಡಿದ್ದು ವೇಸ್ಟ್ ಆಯಿತು ಎಂದು ನಮ್ಮಲ್ಲೇ ಒಬ್ಬರು ಗೊಣಗಿದರು. ನನಗೆ ಹಾಗನ್ನಿಸಲಿಲ್ಲ. ಅಂಕೆ 75 ಬಂದಿದ್ದರೆ ಆ ದಿನವೇ ಕಾಕಾನನ್ನು ಊರಿಗೆ ಕಳಿಸಬಹುದಿತ್ತು.

ಅಷ್ಟರಲ್ಲಿ ಮಗ ಮನೆಯಲ್ಲಿ ಹುಡುಕಿ, ಮೂರು ವರ್ಷದ ಹಿಂದೆ ಸೋಲಾಪುರದಲ್ಲಿ ಕಲ್ಲಿಗೆ ಮಾಡಿಸಿದ ಸಿ.ಟಿ. ಫಿಲ್ಮ್ ತಂದ. ಟ್ರಂಕಿನ ತಳದಲ್ಲಿ ಮಡಚಿ ಇಟ್ಟಿದ್ದರು, ಮಡಿಕೆ ಬಿದ್ದ ಕಡೆ ಬಿಳಿ ಗೆರೆ ಎದ್ದಿತ್ತು. ಆ ರಿಪೋರ್ಟ್ ಪೂರ್ತಿ ಬಲಗಡೆಯ ಕಲ್ಲಿನ ಬಗ್ಗೆ ಇತ್ತು, ಎಡಗಡೆಗೆ ಒಂದು ಸಾಲು: ಕಾರ್ಟಿಕಲ್ ಸಿಸ್ಟ್, ಅಂದರೆ ಹೊರಪದರದ ನೀರುಗುಳ್ಳೆ. ಫಿಲ್ಮ್ ಅಂಚಿನಲ್ಲಿ ಸೆಂಟಿಮೀಟರ್ ಗೆರೆಗಳು ಇರುತ್ತವೆ. ಅದನ್ನು ಹಿಡಿದು ಅಳೆದರೆ ಆಗ ಆ ಉಬ್ಬು ಹತ್ತಿರ ಹತ್ತಿರ 2.1 ಸೆಂಟಿಮೀಟರ್ ಇತ್ತು. ಅಂದರೆ ಬೆಳೆದಿದೆ, ವರ್ಷಕ್ಕೆ ಸುಮಾರು 4 ಮಿಲಿಮೀಟರ್ ಲೆಕ್ಕದಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬೆಳೆದಿದೆ ಎಂದ ಕೂಡಲೇ ಮನೆಯವರು ಕ್ಯಾನ್ಸರ್ ಎಂದೇ ತೀರ್ಮಾನಿಸಿದರು. ಆದರೆ ಸಾದಾ ಗುಳ್ಳೆಯೂ ಬೆಳೆಯುತ್ತದೆ. ಬೆಳವಣಿಗೆಯಿಂದ ಗಡ್ಡೆಯ ಜಾತಿ ಗೊತ್ತಾಗುವುದಿಲ್ಲ. ಫಿಲ್ಮ್‌ನಿಂದ ಸೈಜ್ ಸಿಗುತ್ತದೆ, ಹೌನ್ಸ್‌ಫೀಲ್ಡ್ ಅಂಕೆ ಸಿಗುವುದಿಲ್ಲ. ಅದಕ್ಕೆ ಸಿ.ಡಿ. ಅಥವಾ ಪೆನ್‌ಡ್ರೈವ್‌ನಲ್ಲಿ ಮೂಲ ಡೇಟಾ ಬೇಕು. ನಮ್ಮ ಕಡೆ ಜನ ಫಿಲ್ಮ್ ಜೋಪಾನ ಮಾಡುತ್ತಾರೆ, ಸಿ.ಡಿ. ಕೊಟ್ಟರೆ ಮಕ್ಕಳ ಕೈಗೆ ಹೋಗುತ್ತದೆ. ಆದರೂ ಆ ಫಿಲ್ಮ್ ಒಂದು ಸಮಾಧಾನ ತಂದಿತು. ಮೂರು ವರ್ಷ ಇಷ್ಟು ನಿಧಾನವಾಗಿ ಬೆಳೆದ ಗಡ್ಡೆ ಇನ್ನು ಕೆಲವು ವಾರದಲ್ಲಿ ಕೈಮೀರುವುದಿಲ್ಲ. ಅವಸರದ ಮಾತು ಅಲ್ಲಿಗೆ ನಿಂತಿತು.

ಪೂರ್ತಿ ಸ್ಕ್ಯಾನ್

ಕ್ರಿಯಾಟಿನಿನ್ ಮತ್ತೆ ನೋಡಿದೆವು, ಏರಿರಲಿಲ್ಲ. ಶುಗರ್‌ನ ಮೆಟ್‌ಫಾರ್ಮಿನ್ ಗುಳಿಗೆ ನಿಲ್ಲಿಸಬೇಕೋ ಬೇಡವೋ ಎಂದು ಚರ್ಚೆಯಾಯಿತು. ಇ.ಜಿ.ಎಫ್.ಆರ್. 30ರ ಮೇಲಿದ್ದು, ಕಿಡ್ನಿಗೆ ಹೊಸ ಏಟು ಬಿದ್ದಿಲ್ಲದಿದ್ದರೆ ನಿಲ್ಲಿಸಬೇಕಿಲ್ಲ ಎನ್ನುತ್ತವೆ ಈಗಿನ ಅಮೆರಿಕನ್ ಮಾರ್ಗಸೂಚಿಗಳು. ಕಾಕಾನ ಫಿಜಿಷಿಯನ್ ಎರಡು ದಿನ ನಿಲ್ಲಿಸೋಣ ಎಂದರು. ಜಗಳ ಆಡುವ ವಿಷಯ ಅಲ್ಲ, ನಿಲ್ಲಿಸಿದೆವು. ಚೆನ್ನಾಗಿ ನೀರು ಕುಡಿದು ಬರಲು ಹೇಳಿದೆವು.

ಕಿಡ್ನಿ ಗಡ್ಡೆಯ ಸ್ಕ್ಯಾನ್‌ನಲ್ಲಿ ನಾಲ್ಕು ಹಂತ ಇರುತ್ತವೆ. ಮಗನಿಗೆ ಹೊಲಕ್ಕೆ ನೀರು ಬಿಡುವ ಲೆಕ್ಕದಲ್ಲಿ ವಿವರಿಸಿದೆ. ಮೊದಲನೆಯದು ನೀರು ಬಿಡುವ ಮುಂಚಿನ ಒಣ ಹೊಲ, ಅದೇ ಪ್ಲೇನ್. ಇಂಜೆಕ್ಷನ್ ಆಗಿ 30ರಿಂದ 40 ಸೆಕೆಂಡಿಗೆ ಕಾಲುವೆ ಪಕ್ಕದ ಸಾಲುಗಳು ತೋಯುತ್ತವೆ. ಕಿಡ್ನಿಯ ಹೊರಪದರ ಮಾತ್ರ ಹೊಳೆಯುತ್ತದೆ, ರಕ್ತನಾಳಗಳು ಚೆನ್ನಾಗಿ ಕಾಣುತ್ತವೆ. ಸುಮಾರು 100 ಸೆಕೆಂಡಿಗೆ ಇಡೀ ಹೊಲ ಸಮನಾಗಿ ತೋಯ್ದಿರುತ್ತದೆ. ಗಡ್ಡೆ ಹುಡುಕಲು, ಅಳೆಯಲು ಇದೇ ಒಳ್ಳೆಯ ಹೊತ್ತು. ಐದಾರು ನಿಮಿಷ ಬಿಟ್ಟರೆ ನೀರು ಹೊಲದ ಆಚೆ ತುದಿಯಿಂದ ಹರಿದು ಹೋಗುತ್ತಿರುತ್ತದೆ, ಅಂದರೆ ಕಾಂಟ್ರಾಸ್ಟ್ ಮೂತ್ರನಾಳಕ್ಕೆ ಇಳಿಯುತ್ತಿರುತ್ತದೆ.

ಪ್ರತಿ ಹಂತಕ್ಕೂ ವಿಕಿರಣ ಇದೆ, ಹಾಗಾಗಿ ಎಲ್ಲರಿಗೂ ನಾಲ್ಕೂ ಬೇಕೆಂದಿಲ್ಲ. ಕೊನೆಯದನ್ನು ಎಷ್ಟೋ ಸಲ ಬಿಡಬಹುದು. ಬಿಡಬಾರದ್ದು ಮೊದಲನೆಯದು, ಮೂರನೆಯದು. ದುರದೃಷ್ಟಕ್ಕೆ ಜನ ಬಿಡುವುದು ಮೊದಲನೆಯದನ್ನೇ. ಅದು ನೋಡಲು ಬಣ್ಣಗೆಟ್ಟ ಬೂದು ಚಿತ್ರ. ಏನೂ ಹೊಳೆಯುವುದಿಲ್ಲ.

ಸ್ಕ್ಯಾನ್ ಕೋಣೆಯಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಯಂತ್ರದಲ್ಲಿ ಉಸಿರು ಹಿಡಿಯಲು ಹೇಳುವ ರೆಕಾರ್ಡ್ ಮಾಡಿದ ದನಿ ಇರುತ್ತದೆ. ನಮ್ಮದರಲ್ಲಿ ಹಿಂದಿ, ಇಂಗ್ಲಿಷ್ ಇದ್ದವು. ಪ್ಲೇನ್ ಹಂತದಲ್ಲಿ ಹಿಂದಿ ದನಿ ಬಂತು. ಕಾಕಾಗೆ ಹಿಂದಿ ತಿಳಿಯುವುದಿಲ್ಲ ಅಂತಲ್ಲ, ಆದರೆ ಗುಂಡಗಿನ ಯಂತ್ರದೊಳಗೆ ಅಂಗಾತ ಮಲಗಿ, ಕೈ ಮೇಲೆತ್ತಿ, ಎಲ್ಲಿಂದಲೋ ಬಂದ ಹೆಂಗಸಿನ ದನಿ ಕೇಳಿ ತಬ್ಬಿಬ್ಬಾದರು. ಹಿಡಿಯಬೇಕಾದ ಹೊತ್ತಿಗೆ ಬಿಟ್ಟರು. ಚಿತ್ರ ಅಲುಗಿತು. ಉಸಿರಾಡುವಾಗ ಕಿಡ್ನಿ ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗೆ ಸರಿಯುತ್ತದೆ. ಪ್ಲೇನ್‌ನಲ್ಲಿ ಒಂದು ಜಾಗ, ಕಾಂಟ್ರಾಸ್ಟ್‌ನಲ್ಲಿ ಇನ್ನೊಂದು ಜಾಗ ಅಳೆದರೆ ಅಂಕೆಗಳ ಹೋಲಿಕೆಗೇ ಅರ್ಥ ಇಲ್ಲ. ಟೆಕ್ನಿಷಿಯನ್ ಹುಡುಗ ದನಿ ಆಫ್ ಮಾಡಿ ತಾನೇ ಮೈಕ್ ಹಿಡಿದ: "ಕಾಕಾ, ದಮ್ ಬಿಡ್ರಿ... ಈಗ ಹಿಡೀರಿ... ಹಂಗೇ ಇರ್ರಿ... ಆತು, ಬಿಡ್ರಿ." ಇಂಜೆಕ್ಷನ್‌ಗೆ ಮುಂಚೆ ಎರಡು ಸಲ ಬರೀ ಪ್ರಾಕ್ಟೀಸ್ ಮಾಡಿಸಿದ. ಪ್ಲೇನ್ ಮತ್ತೆ ತೆಗೆದು, ಉಳಿದ ಹಂತಗಳನ್ನೂ ಅವನೇ ಹೇಳಿ ಮುಗಿಸಿದ. ಎಲ್ಲಕ್ಕೂ 120 ಕೆ.ವಿ. ಯಂತ್ರ ತಾನಾಗಿ ಕೆ.ವಿ. ಬದಲಿಸುವ ಆಟೋ ಸೆಟ್ಟಿಂಗನ್ನು ಮೊದಲೇ ಬಂದ್ ಮಾಡಿದ್ದ.

ಗಡ್ಡೆಯ ಅಂಕೆಗಳು ಹೀಗೆ ಬಂದವು: ಪ್ಲೇನ್‌ನಲ್ಲಿ 36, ಆರಂಭದ ಹಂತದಲ್ಲಿ 45, 100 ಸೆಕೆಂಡಿಗೆ 62, ಕೊನೆಗೆ 57. ಅಂಚು ಬಿಟ್ಟು ಮೂರು ಜಾಗದಲ್ಲಿ ಅಳೆದು ನೋಡಿದೆವು, ಹೆಚ್ಚು ಕಡಿಮೆ ಅಷ್ಟೇ. ಏರಿಕೆ 26. ಅನುಮಾನ ಇಲ್ಲ, ಗಡ್ಡೆಯಲ್ಲಿ ರಕ್ತ ಹರಿಯುತ್ತಿದೆ. ಇದು ಗುಳ್ಳೆ ಅಲ್ಲ, ಬಾಸ್ನಿಯಾಕ್ ಲೆಕ್ಕವೇ ಇದಕ್ಕೆ ಅನ್ವಯಿಸುವುದಿಲ್ಲ.

ಹಾಗಾದರೆ ಮೊದಲ ಸೆಂಟರ್ ಹೇಳಿದ್ದೇ ಸರಿ ಆಯಿತಲ್ಲ ಎಂದು ಕೇಳಬಹುದು. ಗಟ್ಟಿ ಗಡ್ಡೆ ಎಂಬುದು ಸರಿಯೇ. ಆದರೆ ಕೈಯಲ್ಲಿ ಪುರಾವೆ ಇಲ್ಲದೆ ಹೇಳಿದ್ದು. ಅದೇ 51ರ ಜಾಗದಲ್ಲಿ ರಕ್ತ ತುಂಬಿದ ಗುಳ್ಳೆ ಇರುವ ಇನ್ನೊಬ್ಬ ರೋಗಿಗೂ ಅದೇ ವಾಕ್ಯ ಬರುತ್ತಿತ್ತು, ಅವರ ಕಿಡ್ನಿಯೂ ಕತ್ತರಿಗೆ ಹೋಗುತ್ತಿತ್ತು.

ಅಂಕೆಗಳು ಏರಿದ ರೀತಿಯೂ ಏನೋ ಹೇಳುತ್ತಿತ್ತು. ಕಿಡ್ನಿ ಕ್ಯಾನ್ಸರ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಕ್ಲಿಯರ್ ಸೆಲ್ ಜಾತಿ ಆರಂಭದ ಹಂತದಲ್ಲೇ ಜೋರಾಗಿ ಹೊಳೆಯುತ್ತದೆ. ಇದು ಹಾಗಲ್ಲ, ಮೆಲ್ಲಗೆ, ಸಮನಾಗಿ, ತಡವಾಗಿ ಏರಿತು. ಇದು ಪ್ಯಾಪಿಲರಿ ಜಾತಿಯ ಸ್ವಭಾವ. 70 ಸೆಕೆಂಡಿನ ಸ್ಕ್ಯಾನ್‌ನಲ್ಲಿ ಅದು ಅರ್ಧ ದಾರಿಯಲ್ಲಿ ಇತ್ತು. ಏರಿಕೆ ಬರೀ 14 ಸಿಕ್ಕಿದ್ದಕ್ಕೆ ಇದೂ ಒಂದು ಕಾರಣ. ಪ್ಯಾಪಿಲರಿ ಗಡ್ಡೆಗಳನ್ನು ಗುಳ್ಳೆ ಎಂದು ಬಿಟ್ಟುಬಿಡುವುದೂ ಇದರಿಂದಲೇ.

ಕೊಬ್ಬು ಇದೆಯೇ ಎಂದು 1 ಮಿಲಿಮೀಟರ್ ತೆಳು ಚಿತ್ರಗಳಲ್ಲಿ ಹುಡುಕಿದೆವು. 5 ಮಿಲಿಮೀಟರ್ ದಪ್ಪದ ಚಿತ್ರದಲ್ಲಿ ಚೂರು ಕೊಬ್ಬು ಪಕ್ಕದ ಮಾಂಸದ ಜೊತೆ ಸರಾಸರಿಯಾಗಿ ಮಾಯವಾಗುತ್ತದೆ. ಇಲ್ಲಿ ಕೊಬ್ಬು ಸಿಗಲಿಲ್ಲ. ಆದರೆ ಕೊಬ್ಬು ಕಾಣದ ಆಂಜಿಯೋಮಯೋಲಿಪೋಮಾಗಳೂ ಇವೆ, ಆಂಕೋಸೈಟೋಮಾ ಎಂಬ ಇನ್ನೊಂದು ಸಾಧು ಗಡ್ಡೆಯೂ ಇದೆ. 4 ಸೆಂಟಿಮೀಟರ್‌ಗಿಂತ ಚಿಕ್ಕ ಗಟ್ಟಿ ಗಡ್ಡೆಗಳಲ್ಲಿ ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ ಅಲ್ಲ. ಆದ್ದರಿಂದ ನಾವು ರಿಪೋರ್ಟ್‌ನಲ್ಲಿ ಗಟ್ಟಿ ಗಡ್ಡೆ, ಪ್ಯಾಪಿಲರಿ ಕಾರ್ಸಿನೋಮಾ ಇರುವ ಸಾಧ್ಯತೆ ಹೆಚ್ಚು, ಸಾಧು ಗಡ್ಡೆ ಇಲ್ಲವೇ ಇಲ್ಲ ಎನ್ನಲಾಗದು ಎಂದು ಬರೆದೆವು.

ಇನ್ನೊಂದು ಕಿಡ್ನಿ

ಎಲ್ಲರ ಕಣ್ಣೂ ಎಡಗಡೆ ಇತ್ತು. ಪ್ರಕರಣ ತಿರುಗಿದ್ದು ಬಲಗಡೆ.

ಹಳೇ ರಿಪೋರ್ಟ್‌ನಲ್ಲಿ ಬಲ ಕಿಡ್ನಿ ಸ್ವಲ್ಪ ಚಿಕ್ಕದು ಎಂದು ಒಂದು ಸಾಲು ಇತ್ತು. ಅಳೆದರೆ ಉದ್ದ 7.8 ಸೆಂಟಿಮೀಟರ್. ಹೊರಪದರ ತೆಳ್ಳಗಾಗಿತ್ತು. ಎಡಗಡೆಯ ಮೂತ್ರನಾಳದಲ್ಲಿ ಕಾಂಟ್ರಾಸ್ಟ್ ಚೆನ್ನಾಗಿ ಇಳಿದಾಗಲೂ ಬಲಗಡೆ ಬರೀ ನಸು ಬಿಳುಪು. ಮೂರು ವರ್ಷದ ಹಿಂದೆ ಕಲ್ಲು ತೆಗೆಸುವ ಮುಂಚೆ ಎಷ್ಟು ಕಾಲ ದಾರಿ ಕಟ್ಟಿಕೊಂಡಿತ್ತೋ, ಕಿಡ್ನಿ ಆಗಲೇ ಸೊರಗಿತ್ತು. ಅಂದರೆ ಗಡ್ಡೆ ಇದ್ದ ಎಡ ಕಿಡ್ನಿಯೇ ಕಾಕಾನನ್ನು ನಡೆಸುತ್ತಿದ್ದದ್ದು.

ಇದನ್ನು ಕಣ್ಣಂದಾಜಿಗೆ ಬಿಡಲಿಲ್ಲ. ಹೈದರಾಬಾದ್‌ನಲ್ಲಿ ಡಿ.ಟಿ.ಪಿ.ಎ. ಸ್ಕ್ಯಾನ್ ಆಯಿತು, ಅಂದರೆ ಯಾವ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವ ಸ್ಕ್ಯಾನ್. ಒಟ್ಟು ಕೆಲಸದಲ್ಲಿ ಎಡದ್ದು ನೂರಕ್ಕೆ 74, ಬಲದ್ದು 26. ಲೆಕ್ಕ ಸರಳ. ಇ.ಜಿ.ಎಫ್.ಆರ್. 46ರಲ್ಲಿ ಎಡ ಕಿಡ್ನಿ ಪೂರ್ತಿ ತೆಗೆದರೆ ಉಳಿಯುವುದು 12ರ ಆಸುಪಾಸು. ಅದು ಡಯಾಲಿಸಿಸ್ ಬಾಗಿಲು. 3.3 ಸೆಂಟಿಮೀಟರ್ ಗಡ್ಡೆಗಾಗಿ ಒಬ್ಬ ರೈತ ವಾರಕ್ಕೆ ಮೂರು ಸಲ ಆಳಂದ ಕಡೆಯಿಂದ ಬಸ್ ಹತ್ತಿ ಡಯಾಲಿಸಿಸ್‌ಗೆ ಬರುವ ಬಾಳು. ತಡ ಮಾಡಬೇಡಿ ಎಂದು ಹೇಳಿದವರು ಈ ಲೆಕ್ಕ ಹಾಕಿರಲಿಲ್ಲ.

ಬಲ ಕಿಡ್ನಿಯಲ್ಲಿ 8 ಮಿಲಿಮೀಟರ್‌ನ ಒಂದು ಚುಕ್ಕೆಯೂ ಇತ್ತು. ಪ್ಲೇನ್‌ನಲ್ಲಿ 9, ಕಾಂಟ್ರಾಸ್ಟ್‌ನಲ್ಲಿ 21. ಏರಿಕೆ 12. ಅದೂ ಗಡ್ಡೆಯೇ ಎಂದು ಒಬ್ಬರು ಕೇಳಿದರು. ಸುತ್ತಲೂ ಕಿಡ್ನಿ ಅಂಗಾಂಶ ಜೋರಾಗಿ ಹೊಳೆಯುವಾಗ ಅದರೊಳಗೆ ಸಿಕ್ಕಿಕೊಂಡ ಪುಟ್ಟ ನೀರುಗುಳ್ಳೆಯ ಅಂಕೆ ಸುಳ್ಳಾಗಿ ಹತ್ತು ಹನ್ನೆರಡು ಏರುವುದು ಸಿ.ಟಿ.ಯ ಹಳೇ ಚಾಳಿ. ಪ್ಲೇನ್‌ನಲ್ಲಿ 9 ಎಂದರೆ ನೀರು. ಅದರ ಬೆನ್ನು ಹತ್ತಲಿಲ್ಲ. ಇಲ್ಲಿಯೂ ಕಾಪಾಡಿದ್ದು ಪ್ಲೇನ್ ಚಿತ್ರವೇ.

ತೀರ್ಮಾನ

ಈಗ ಪ್ರಶ್ನೆ ಬದಲಾಗಿತ್ತು. ಕಿಡ್ನಿ ತೆಗೀಬೇಕಾ ಎಂಬುದು ಹೋಗಿ, ಗಡ್ಡೆ ಮಾತ್ರ ತೆಗೆದು ಕಿಡ್ನಿ ಉಳಿಸಬಹುದಾ ಎಂಬುದು ಬಂತು. ಇದಕ್ಕೂ ಅದೇ ಸಿ.ಟಿ. ಉತ್ತರ ಕೊಟ್ಟಿತು. ಗಡ್ಡೆ 4 ಸೆಂಟಿಮೀಟರ್ ಒಳಗೆ, ಕಿಡ್ನಿಗೆ ಸೀಮಿತ, ಅಂದರೆ ಟಿ1ಎ ಹಂತ. ಅರ್ಧಕ್ಕಿಂತ ಜಾಸ್ತಿ ಭಾಗ ಕಿಡ್ನಿಯ ಹೊರಗೆ ಚಾಚಿತ್ತು. ಮೂತ್ರ ಸಂಗ್ರಹವಾಗುವ ಜಾಗದಿಂದ 6 ಮಿಲಿಮೀಟರ್ ದೂರ. ಪೂರ್ತಿ ಕೆಳ ತುದಿಯಲ್ಲಿ. ಗಡ್ಡೆ ಮಾತ್ರ ತೆಗೆಯುವುದು ಎಷ್ಟು ಕಷ್ಟ ಎಂದು ಅಳೆಯಲು 2009ರಿಂದ ಬಳಕೆಯಲ್ಲಿರುವ ರೀನಲ್ ನೆಫ್ರೋಮೆಟ್ರಿ ಸ್ಕೋರ್ ಹಾಕಿದರೆ 5 ಬಂತು. 4ರಿಂದ 6 ಅಂದರೆ ಕಡಿಮೆ ಜಟಿಲ. ಆರಂಭದ ಹಂತದ ಚಿತ್ರದಲ್ಲಿ ಕೆಳ ತುದಿಗೆ ಬೇರೆಯಾಗಿ ಹೋಗುವ ಇನ್ನೊಂದು ಸಣ್ಣ ರಕ್ತನಾಳ ಕಂಡಿತು. ಸರ್ಜನ್‌ಗೆ ಇದು ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಮುಖ್ಯ ನಾಳ ಹಿಡಿದ ಮೇಲೂ ರಕ್ತ ನಿಲ್ಲುವುದಿಲ್ಲ. ರಕ್ತನಾಳದೊಳಗೆ ಗಡ್ಡೆ ಹೋಗಿರಲಿಲ್ಲ. ಎದೆಯ ಸ್ಕ್ಯಾನ್ ಸ್ವಚ್ಛವಾಗಿತ್ತು.

ಬಯಾಪ್ಸಿ ಬಗ್ಗೆ ಒಮ್ಮತ ಬರಲಿಲ್ಲ. ಫಿಜಿಷಿಯನ್ ಬೇಕು ಎಂದರು. ಐದರಲ್ಲಿ ಒಂದು ಸಾಧು ಗಡ್ಡೆ, ರೋಗಿಯ ಕಿಡ್ನಿ ಮೊದಲೇ ದುರ್ಬಲ, ಸಾಧು ಎಂದು ಬಂದರೆ ಆಪರೇಷನ್ನೇ ಬೇಡವಲ್ಲ ಎಂಬುದು ಅವರ ವಾದ. ಯೂರಾಲಜಿಸ್ಟ್ ಬೇಡ ಎಂದರು. ಬೆಳೆಯುತ್ತಿರುವ ಗಟ್ಟಿ ಗಡ್ಡೆ, ಸುಲಭದ ಜಾಗ, ಹೇಗೂ ತೆಗೆಯುವುದೇ. ನನಗೆ ಫಿಜಿಷಿಯನ್ ಮಾತಿಗೆ ತೂಕ ಇದೆ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಕೊನೆಗೆ ಎರಡೂ ಕಡೆಯ ಮಾತನ್ನು ಕಾಕಾ ಮುಂದೆ ಇಟ್ಟೆವು. ಎರಡು ಸಲ ಚುಚ್ಚಿಸಿಕೊಳ್ಳೋದಕ್ಕಿಂತ ಒಂದೇ ಸಲ ಮುಗಿಸಿಬಿಡ್ರಿ ಎಂದರು ಅವರು.

ಅವರಿಗೆ ಇದ್ದ ನಿಜವಾದ ಚಿಂತೆ ಬೇರೆ. "ತೊಗರಿ ನಿಂತದ. ರಾಶಿ ಮಾಡಿ ಗಂಜ್‌ಗೆ ಹಾಕಿ ಬಂದ್ರ ನಡೀತದೇನ್ರಿ?" ಟ್ರಂಕಿನ ಹಳೇ ಫಿಲ್ಮ್ ಇಲ್ಲಿ ಕೆಲಸಕ್ಕೆ ಬಂತು. ನಡೆಯುತ್ತದೆ ಎಂದು ಧೈರ್ಯವಾಗಿ ಹೇಳಬಹುದಿತ್ತು, ಹೇಳಿದೆವು. ಆದರೆ ದಿನಾಂಕ ಬರೆದುಕೊಟ್ಟೆವು, ಮಗನ ಕೈಯಲ್ಲಿ. ರಾಶಿ ಆದ ಮೇಲೆ ಕಡಲೆ, ಕಡಲೆ ಆದ ಮೇಲೆ ಜಾತ್ರೆ ಅಂತ ಮುಂದೆ ಹೋಗುವುದನ್ನು ನಾವು ನೋಡದೇ ಇದ್ದೇವೆಯೇ.

ಏನಾಯಿತು

ಫೆಬ್ರವರಿಯಲ್ಲಿ ಹೈದರಾಬಾದ್‌ನ ಒಂದು ಆಸ್ಪತ್ರೆಯಲ್ಲಿ ಗಡ್ಡೆ ಮಾತ್ರ ತೆಗೆದರು. ಎರಡೂ ರಕ್ತನಾಳ ಹಿಡಿದಿಟ್ಟ ಸಮಯ 22 ನಿಮಿಷ. ಪ್ಯಾಥಾಲಜಿ ರಿಪೋರ್ಟ್: ಪ್ಯಾಪಿಲರಿ ರೀನಲ್ ಸೆಲ್ ಕಾರ್ಸಿನೋಮಾ, ಗ್ರೇಡ್ 2, ಅಂಚುಗಳು ಸ್ವಚ್ಛ. ಕ್ರಿಯಾಟಿನಿನ್ ಮೊದಲ ವಾರ 2.1ಕ್ಕೆ ಏರಿ, ಮೂರು ತಿಂಗಳಿಗೆ 1.8ಕ್ಕೆ ಬಂದು ನಿಂತಿತು.

ನಡುವೆ ಒಂದು ಗಾಬರಿಯೂ ಆಯಿತು. ಆಪರೇಷನ್ ಆದ ಮೂರನೇ ವಾರ ಕಾಕಾಗೆ ಜ್ವರ ಬಂತು. ಹತ್ತಿರದಲ್ಲೇ ಪ್ಲೇನ್ ಸಿ.ಟಿ. ಮಾಡಿಸಿದರು. ಆಪರೇಷನ್ ಜಾಗದಲ್ಲಿ ಗಾಳಿ ಗುಳ್ಳೆಗಳು, ಕೀವು ತುಂಬಿದೆ ಎಂದು ರಿಪೋರ್ಟ್ ಬಂತು. ಮತ್ತೆ ಹೈದರಾಬಾದ್‌ಗೆ ಹೊರಡಲು ಗಾಡಿ ಮಾತಾಡಿದ್ದರು. ಆಪರೇಷನ್ ನೋಟ್ಸ್ ತೆಗೆದು ನೋಡಿದರೆ, ರಕ್ತ ನಿಲ್ಲಿಸಲು ತಾನಾಗಿ ಕರಗುವ ಒಂದು ಬಗೆಯ ಬಟ್ಟೆಯನ್ನು ಅಲ್ಲಿ ತುರುಕಿದ್ದರು. ಅದರ ಎಳೆಗಳ ನಡುವೆ ಗಾಳಿ ಒತ್ತಾಗಿ ಸಿಕ್ಕಿಕೊಂಡು ವಾರಗಟ್ಟಲೆ ಹಾಗೇ ಕಾಣುತ್ತದೆ. ಕೀವಾಗಿದ್ದರೆ ಸಾಮಾನ್ಯವಾಗಿ ದ್ರವದ ಮಟ್ಟ, ದಪ್ಪ ಗೋಡೆ ಕಾಣಬೇಕು, ಅವು ಇರಲಿಲ್ಲ. ಜ್ವರಕ್ಕೆ ಕಾರಣ ಮೂತ್ರದ ಸೋಂಕು. ಆಂಟಿಬಯಾಟಿಕ್‌ಗೆ ಇಳಿಯಿತು. ಡಿಸ್ಚಾರ್ಜ್ ಆಗುವಾಗ ಆಪರೇಷನ್ ನೋಟ್ಸ್‌ನ ಒಂದು ಪ್ರತಿ ರೋಗಿಯ ಚೀಲದಲ್ಲಿ ಇರಲಿ. ಸ್ಕ್ಯಾನ್ ಓದುವವರು ಅದನ್ನು ಕೇಳಿ ಪಡೆಯಲಿ.

ಈ ಪ್ರಕರಣ ಆದ ಮೇಲೆ ನಮ್ಮಲ್ಲಿ ಮಾಡಿದ ಬದಲಾವಣೆ ಚಿಕ್ಕದು. ತಾಲೂಕಿನ ಡಾಕ್ಟರುಗಳಿಗೆ, ಚೀಟಿಯಲ್ಲಿ ಕಾಂಟ್ರಾಸ್ಟ್ ಸಹಿತ ಎಂದಷ್ಟೇ ಬರೆಯಬೇಡಿ, ಕಿಡ್ನಿ ಗಡ್ಡೆ ಎಂಬ ಎರಡು ಪದ ಸೇರಿಸಿ ಎಂದು ಕೇಳಿಕೊಂಡೆವು. ಆ ಎರಡು ಪದ ಇದ್ದರೆ ಟೆಕ್ನಿಷಿಯನ್ ತಾನಾಗಿಯೇ ಪ್ಲೇನ್ ತೆಗೆಯುತ್ತಾನೆ. ಉಸಿರಿನ ಸೂಚನೆಯನ್ನು ಕಲಬುರಗಿ ಕನ್ನಡದಲ್ಲಿ ಆ ಹುಡುಗನ ದನಿಯಲ್ಲೇ ರೆಕಾರ್ಡ್ ಮಾಡಿ ಯಂತ್ರಕ್ಕೆ ಹಾಕಿದ್ದೇವೆ, ದಖನಿಯಲ್ಲೂ ಒಂದು ಮಾಡಿಸಿದೆವು. ರಿಪೋರ್ಟ್‌ನಲ್ಲಿ ಗಡ್ಡೆಯ ಅಂಕೆ ಬರೆಯುವಾಗ ಎಲ್ಲಾ ಹಂತದ ಅಂಕೆಯನ್ನೂ ಸಾಲಾಗಿ ಬರೆಯುತ್ತೇವೆ, ಇನ್ನೊಂದು ಕಿಡ್ನಿಯ ಉದ್ದ ಕಡ್ಡಾಯ.

ಆರು ತಿಂಗಳ ಸ್ಕ್ಯಾನ್‌ಗೆ ಕಾಕಾ ಆಗಸ್ಟ್‌ನಲ್ಲಿ ಬಂದರು. ಆಪರೇಷನ್ ಜಾಗದಲ್ಲಿ ಗಾಯದ ಗುರುತು, ಒಂದಿಷ್ಟು ಕೊಬ್ಬು, ಕಾಂಟ್ರಾಸ್ಟ್ ಹೀರುವಂಥದ್ದು ಏನೂ ಇಲ್ಲ. ಬಲಗಡೆಯ 8 ಮಿಲಿಮೀಟರ್ ಚುಕ್ಕೆ 8 ಮಿಲಿಮೀಟರೇ ಇದೆ. ಮುಂದಿನ ಸ್ಕ್ಯಾನ್ ಒಂದು ವರ್ಷಕ್ಕೆ. ಆಗ ಕ್ರಿಯಾಟಿನಿನ್ ಇನ್ನೂ ಏರಿದ್ದರೆ ಸಿ.ಟಿ. ಬದಲು ಎಂ.ಆರ್.ಐ. ಮಾಡುವ ಯೋಚನೆ ಇದೆ.